ಬಡಾವಣೆಯ ಕೆಫೆಗಳಲ್ಲಿ ವೀಗನ್ ಕಾಫಿ: ಎಲ್ಲಿ ಕೂರಬೇಕು, ಏನು ಕೇಳಬೇಕು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ನಮ್ಮ ಬಡಾವಣೆ ನಗರದ ಅಂಚಿನಲ್ಲಿದೆ, ನಡೆದು ಹೋಗುವಷ್ಟು ದೂರದಲ್ಲೇ ಹಲವು ಕೆಫೆಗಳಿವೆ. ಅವುಗಳಲ್ಲಿ ವೀಗನ್ ಆದವರಿಗೆ, ಅಂದರೆ ಹಾಲು, ಮೊಟ್ಟೆ, ಜೇನು ಸೇರಿ ಪ್ರಾಣಿಗಳಿಂದ ಬಂದ ಏನನ್ನೂ ಬಳಸದವರಿಗೆ, ಅತಿ ಒಳ್ಳೆಯ ಕಾಫಿ ಸಿಗುವುದು ಬೋರ್ಡಿನ ಮೇಲೆ ಓಟ್, ಸೋಯಾ, ಬಾದಾಮಿ, ತೆಂಗು ಅಂತ ಸಸ್ಯಗಳಿಂದ ಮಾಡಿದ ಹಾಲುಗಳ ಹೆಸರನ್ನು ಸಾಲಾಗಿ ಬರೆದಿರುವ ದೊಡ್ಡ ಜಾಗದಲ್ಲಿ ಅಲ್ಲ. ರೈಲು ನಿಲ್ದಾಣದ ಪಕ್ಕದ ಒಂದು ಕಿರಿದಾದ ಅಂಗಡಿಯಲ್ಲಿ. ಅಲ್ಲಿರುವುದು ಒಂದೇ ಒಂದು ಸಸ್ಯ ಹಾಲು. ಆದರೆ ಆ ಹಾಲು ತಮ್ಮ ಬೀಜಕ್ಕೆ ಹೇಗೆ ಹೊಂದುತ್ತದೆ, ಎಷ್ಟು ಬಿಸಿಗೆ ಕೆಡುತ್ತದೆ, ಎಷ್ಟು ನೊರೆ ಕೊಡುತ್ತದೆ ಅನ್ನುವುದು ಕೌಂಟರಿನ ಹಿಂದೆ ನಿಂತವರಿಗೆ ಚೆನ್ನಾಗಿ ಗೊತ್ತು.

ಕೆಫೆಗಳ ಹೆಸರು ಬರೆಯುತ್ತಿಲ್ಲ. ನೀವಿರುವ ಬಡಾವಣೆಯಲ್ಲೂ ಇದೇ ಥರದವು ಇರುತ್ತವೆ: ನಿಲ್ದಾಣದ ಹತ್ತಿರ ಒಂದು, ಬೀಜವನ್ನು ತಾವೇ ಹುರಿಯುವವರದ್ದು ಒಂದು, ಬೇಕರಿ ಜೊತೆಗೆ ನಡೆಯುವುದು ಒಂದು, ಶಾಪಿಂಗ್ ಕಟ್ಟಡದೊಳಗೆ ಒಂದು. ಯಾವುದು ಚೆನ್ನಾಗಿದೆ ಅಂತ ಕಂಡುಹಿಡಿಯುವ ಬಗೆ ಗೊತ್ತಾದರೆ ಹೆಸರು ಬೇಕಾಗುವುದಿಲ್ಲ.

ಹೊಸ ಕೆಫೆಗೆ ಹೋದಾಗ ನಾನು ಮೊದಲು ಕೇಳುವುದು ಬ್ಲ್ಯಾಕ್ ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ. ವೀಗನ್ ಆದವರಿಗೆ ಇದು ಅನುಮಾನವೇ ಇಲ್ಲದ ಪಾನೀಯ, ಅದು ಒಂದು ಕಾರಣ. ಇನ್ನೊಂದು, ಬ್ಲ್ಯಾಕ್ ಕಾಫಿಯಲ್ಲಿ ಕೆಫೆಯವರು ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಕಪ್ಪಿನಲ್ಲಿ 98 ಶೇಕಡಾಕ್ಕೂ ಜಾಸ್ತಿ ಇರುವುದು ನೀರು, ಆದ್ದರಿಂದ ನೀರು ಚೆನ್ನಾಗಿಲ್ಲದಿದ್ದರೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಬೀಜ ಹುರಿದು ತಿಂಗಳುಗಟ್ಟಲೆ ಆಗಿದ್ದರೆ ಕಾಫಿ ಸಪ್ಪೆ, ರಟ್ಟಿನ ಪೆಟ್ಟಿಗೆಯ ವಾಸನೆ. ಗ್ರೈಂಡರ್ ಸರಿ ಹೊಂದಿಸದಿದ್ದರೆ ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಜಗಳ ಆಡುತ್ತವೆ. ಎಸ್‌ಪ್ರೆಸೊ (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಆದರೆ ಸಾಮಾನ್ಯವಾಗಿ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ, ಸುಮಾರು 9 ಬಾರ್ ಒತ್ತಡದಲ್ಲಿ ಇಳಿಯಬೇಕು. ಈ ಅಳತೆಗಳು ಕಲ್ಲಿನ ಮೇಲೆ ಕೆತ್ತಿದವಲ್ಲ, ಬೀಜಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೆ ಬದಲಾಯಿಸುವುದಕ್ಕೆ ಯಾರೋ ಒಬ್ಬರು ದಿನಾ ಬೆಳಿಗ್ಗೆ ತೂಕ ನೋಡಿ, ರುಚಿ ನೋಡಿ ಗ್ರೈಂಡರ್ ತಿರುಗಿಸಬೇಕು. ಕೌಂಟರ್ ಮೇಲೆ ಚಿಕ್ಕದೊಂದು ತಕ್ಕಡಿ ಕಂಡರೆ ನನಗೆ ಸಮಾಧಾನ.

ಬ್ಲ್ಯಾಕ್ ಕಾಫಿ ಚೆನ್ನಾಗಿಲ್ಲದ ಕಡೆ ಸಸ್ಯ ಹಾಲಿನ ಲ್ಯಾಟೆ (ಎಸ್‌ಪ್ರೆಸೊಗೆ ಹಾಲು ಜಾಸ್ತಿ ಹಾಕಿದ್ದು) ಚೆನ್ನಾಗಿರುವುದು ಬಹಳ ಕಡಿಮೆ. ಹಸುವಿನ ಹಾಲು ದಪ್ಪ, ಅದರ ಕೊಬ್ಬು ಮತ್ತು ಸಿಹಿ ಕೆಟ್ಟ ಎಸ್‌ಪ್ರೆಸೊವನ್ನೂ ಒಂದು ಮಟ್ಟಕ್ಕೆ ಸಹಿಸಿಕೊಳ್ಳುತ್ತವೆ. ಸಸ್ಯ ಹಾಲಿಗೆ ಅಷ್ಟು ತಾಳ್ಮೆ ಇಲ್ಲ.

ಈಗ ನಿಲ್ದಾಣದ ಪಕ್ಕದ ಕೆಫೆಗೆ ಬರೋಣ. ಒಳಗೆ ಕೂರಲು ಜಾಗ ಅಷ್ಟಕ್ಕಷ್ಟೇ, ಗೋಡೆಗೆ ಒರಗಿಸಿದ ಒಂದು ಬೆಂಚು, ಹೊರಗೆ ಎರಡು ಮೇಜು. ಬೆಳಿಗ್ಗೆ ರೈಲು ಹಿಡಿಯುವವರ ಸಾಲು. ಅಲ್ಲಿ ಓಟ್ ಹಾಲಿನ ಫ್ಲಾಟ್ ವೈಟ್ (ಲ್ಯಾಟೆಗಿಂತ ಹಾಲು ಕಡಿಮೆ, ನೊರೆ ತೆಳು) ಕೇಳಿದರೆ ಬರಿಸ್ಟಾ, ಅಂದರೆ ಕಾಫಿ ಮಾಡಿಕೊಡುವವರು, ಮಾಡುವ ಮೊದಲ ಕೆಲಸ ಪ್ಯಾಕೆಟ್ಟನ್ನು ಚೆನ್ನಾಗಿ ಕುಲುಕುವುದು. ಇದನ್ನು ನಾನು ಎಲ್ಲೇ ಹೋದರೂ ಗಮನಿಸುತ್ತೇನೆ. ಸಸ್ಯ ಹಾಲಿಗೆ ಸೇರಿಸುವ ಕ್ಯಾಲ್ಸಿಯಂ ಪುಡಿ ತಳಕ್ಕೆ ಇಳಿಯುತ್ತದೆ. ಕುಲುಕದೆ ಸುರಿದರೆ ಮೊದಲ ಕಪ್ಪಿಗೆ ನೀರು ನೀರಾದ ಹಾಲು, ಕೊನೆಯ ಕಪ್ಪಿಗೆ ನಾಲಿಗೆಗೆ ಸುಣ್ಣ ತಾಗಿದಂಥ ಗಸಿ. ಆಮೇಲೆ ಅವರು ಬೇರೆ ಜಗ್ ತೆಗೆಯುತ್ತಾರೆ. ಓಟ್ ಹಾಲಿಗೇ ಮೀಸಲಿಟ್ಟ ಜಗ್ ಅದು, ಹಿಡಿಗೆ ಹಸಿರು ಟೇಪ್ ಸುತ್ತಿದ್ದಾರೆ. ಸ್ಟೀಮ್ ಬರುವ ನಳಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಸಲ ಆವಿ ಬಿಟ್ಟು, ನಂತರವೇ ಹಾಲಿಗೆ ಇಳಿಸುತ್ತಾರೆ. ಕೇಳಿಕೊಳ್ಳಬೇಕಾದ ಅಗತ್ಯವೇ ಇಲ್ಲ.

ಬಿಸಿ ಮಾಡುವುದನ್ನೂ ಬೇಗ ನಿಲ್ಲಿಸುತ್ತಾರೆ. ಹಸುವಿನ ಹಾಲನ್ನು ಸಾಮಾನ್ಯವಾಗಿ 60ರಿಂದ 65 ಡಿಗ್ರಿವರೆಗೆ ಬಿಸಿ ಮಾಡುತ್ತಾರಲ್ವಾ, ಸಸ್ಯ ಹಾಲಿಗೆ 55ರಿಂದ 60 ಸಾಕು. ಅದಕ್ಕಿಂತ ಜಾಸ್ತಿಯಾದರೆ ಓಟ್ ಹಾಲು ಗಂಜಿಯ ಕಡೆಗೆ ವಾಲುತ್ತದೆ, ಸೋಯಾ ಒಡೆಯುವುದಕ್ಕೆ ಹತ್ತಿರವಾಗುತ್ತದೆ. ಕಪ್ಪು ಕೈಗೆ ಬಂದಾಗ ಕೂಡಲೇ ಕುಡಿಯಬಹುದು, ನಾಲಿಗೆ ಸುಡುವುದಿಲ್ಲ. "ಇನ್ನೂ ಸ್ವಲ್ಪ ಬಿಸಿ ಬೇಕು" ಅಂತ ಕೇಳುವವರೂ ಇದ್ದಾರೆ, ಕೇಳಿದರೆ ಕೊಡುತ್ತಾರೆ, ಆದರೆ ಒಮ್ಮೆ ಅವರು ಕೊಟ್ಟ ಹಾಗೆಯೇ ಕುಡಿದು ನೋಡಿ.

ರುಚಿ ಹೇಗಿರುತ್ತದೆ? ಎಸ್‌ಪ್ರೆಸೊ ಮಧ್ಯಮ ಹುರಿತದ್ದು, ಬ್ರೆಜಿಲ್ ಬೀಜ ಜಾಸ್ತಿ ಇರುವ ಮಿಶ್ರಣ. ಹುರಿದ ಕಡಲೆಬೀಜ, ಕೋಕೋ, ಕೊನೆಯಲ್ಲಿ ಸಣ್ಣ ಕಹಿ. ಓಟ್ ಹಾಲಿನಲ್ಲಿ ಮೊದಲೇ ಧಾನ್ಯದ ಸಿಹಿ ಇರುತ್ತದೆ, ಈ ಬೀಜದ ಜೊತೆ ಅದು ಸೇರಿದಾಗ ಸಕ್ಕರೆ ನೆನಪಿಗೇ ಬರುವುದಿಲ್ಲ. ನೊರೆ ತೆಳು, ಹೊಳೆಯುವಂಥದ್ದು, ಕೊನೆಯ ಗುಟುಕಿನವರೆಗೂ ಕಾಫಿಯಿಂದ ಬೇರೆಯಾಗುವುದಿಲ್ಲ. ಹಾಲಿನ ಬದಲಿಗೆ ಏನೋ ಒಂದು ಹಾಕಿಕೊಟ್ಟರು ಅನ್ನುವ ಭಾವನೆ ಬರುವುದಿಲ್ಲ. ಈ ಕಾಫಿಯನ್ನು ಹೀಗೇ ಮಾಡಬೇಕು ಅಂತ ಯೋಚಿಸಿ ಮಾಡಿದ್ದಾರೆ ಅನ್ನಿಸುತ್ತದೆ. ನನಗೆ ಬೇಕಾಗಿರುವುದು ಇಷ್ಟೇ.

ಓಟ್ ಹಾಲಿಗೆ ಆ ಸಿಹಿ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿದ್ದರೆ ಒಳ್ಳೆಯದು, ಪ್ಯಾಕೆಟ್ ಮೇಲೆ "ಸಕ್ಕರೆ ಸೇರಿಸಿಲ್ಲ" ಅಂತ ಇದ್ದರೂ ಅದು ಸಿಹಿಯಾಗಿರುತ್ತದೆ. ಓಟ್ಸ್ ಅನ್ನು ನೀರಲ್ಲಿ ರುಬ್ಬಿ ಸೋಸಿದರೆ ಸಿಗುವುದು ಲೋಳೆ ಲೋಳೆಯಾದ ದ್ರವ, ಬಿಸಿ ಮಾಡಿದರೆ ಗಟ್ಟಿಯಾಗುತ್ತದೆ. ಕಿಣ್ವಗಳನ್ನು ಸೇರಿಸಿ ಪಿಷ್ಟವನ್ನು ಒಡೆದಾಗ ಮಾಲ್ಟೋಸ್ ಎಂಬ ಸಕ್ಕರೆ ತಾನಾಗಿಯೇ ಹುಟ್ಟುತ್ತದೆ, ದ್ರವ ತೆಳುವಾಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿ ರಿಕಾರ್ಡ್ ಓಸ್ಟೆ 1990ರ ದಶಕದ ಆರಂಭದಲ್ಲಿ ಈ ದಾರಿ ಕಂಡುಕೊಂಡರು, ಅದರಿಂದಲೇ ಓಟ್ಲಿ ಕಂಪನಿ ಹುಟ್ಟಿತು. 2016ರಲ್ಲಿ ಅದು ಅಮೆರಿಕಕ್ಕೆ ಕಾಲಿಟ್ಟಾಗ ಸೂಪರ್‌ಮಾರ್ಕೆಟ್ ಕಡೆ ಹೋಗದೆ ಮೊದಲು ಕೆಫೆಗಳ ಬರಿಸ್ಟಾಗಳ ಕೈಗೆ ತನ್ನ ಹಾಲು ಕೊಟ್ಟಿತು. ಓಟ್ ಹಾಲು ಕಾಫಿಯ ಜೊತೆ ಇಷ್ಟು ಬೇಗ ಬೆಸೆದುಕೊಳ್ಳಲು ಅದೂ ಒಂದು ಕಾರಣ ಅಂತ ನನ್ನ ಎಣಿಕೆ.

"ಬರಿಸ್ಟಾ" ಅಂತ ಬರೆದಿರುವ ಪ್ಯಾಕೆಟ್ಟಿಗೂ ಮಾಮೂಲಿ ಪ್ಯಾಕೆಟ್ಟಿಗೂ ನಿಜವಾಗಿ ವ್ಯತ್ಯಾಸ ಇದೆಯಾ ಅಂತ ಹಲವರು ಕೇಳುತ್ತಾರೆ. ಇದೆ. ಬರಿಸ್ಟಾ ಹಾಲಿನಲ್ಲಿ ಎಣ್ಣೆ ಸ್ವಲ್ಪ ಜಾಸ್ತಿ, ಅದರಿಂದ ಬಾಯಿಗೆ ದಪ್ಪ ಅನ್ನಿಸುತ್ತದೆ, ನೊರೆ ರೇಷ್ಮೆಯಂತಾಗುತ್ತದೆ. ಜೊತೆಗೆ ಹುಳಿಯನ್ನು ಹತೋಟಿಯಲ್ಲಿಡುವ ಡೈಪೊಟ್ಯಾಶಿಯಂ ಫಾಸ್ಫೇಟ್‌ನಂಥ ಪದಾರ್ಥ ಇರುತ್ತದೆ. ಕಾಫಿಯ ಆಮ್ಲಕ್ಕೆ ಹಾಲು ಒಡೆಯದೆ ಉಳಿಯುವುದು ಇದರಿಂದ. ಕೆಫೆಯ ಫ್ರಿಜ್ಜಿನಲ್ಲಿ ಮನೆಬಳಕೆಯ ಮಾಮೂಲಿ ಪ್ಯಾಕೆಟ್ ಕಂಡರೆ ನಾನು ಬ್ಲ್ಯಾಕ್ ಕಾಫಿಗೇ ಅಂಟಿಕೊಳ್ಳುತ್ತೇನೆ.

ಇನ್ನು ಬೀಜವನ್ನು ತಾವೇ ಹುರಿಯುವ ಕೆಫೆ. ಬಡಾವಣೆಯ ಹಿಂಭಾಗ, ಮೊದಲು ಗೋದಾಮುಗಳಿದ್ದ ರಸ್ತೆಯಲ್ಲಿದೆ. ಒಳಗೆ ಹೋದ ಕೂಡಲೇ ಹುರಿಯುವ ಯಂತ್ರದ ಸದ್ದು, ಬೆಚ್ಚನೆಯ ಪರಿಮಳ. ಬ್ಲ್ಯಾಕ್ ಕಾಫಿಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಎಲ್ಲೂ ಇಲ್ಲ. ಪ್ರತಿ ಚೀಲದ ಮೇಲೂ ಹುರಿದ ದಿನಾಂಕ ಇರುತ್ತದೆ. ಇವತ್ತು ಹುರಿದದ್ದನ್ನು ಇವತ್ತೇ ಕೊಡುವುದಿಲ್ಲ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಲಿ ಅಂತ ಕೆಲವು ದಿನ ಇಟ್ಟು ಆಮೇಲೆ ಬಳಸುತ್ತಾರೆ. ಇಥಿಯೋಪಿಯಾದ ತೊಳೆದು ಸಂಸ್ಕರಿಸಿದ ಬೀಜವನ್ನು ವಿ60 ಎಂಬ ಕೋನಾಕಾರದ ಫಿಲ್ಟರಿನಲ್ಲಿ ಸೋಸಿ ಕೊಡುತ್ತಾರೆ. ಸುಮಾರು 15 ಗ್ರಾಂ ಪುಡಿಗೆ 240 ಗ್ರಾಂ ನೀರು, ಮೂರು ನಿಮಿಷದ ಆಸುಪಾಸು. ಬಿಸಿಯಾಗಿದ್ದಾಗ ಮಲ್ಲಿಗೆ ಹೂವಿನ ಪರಿಮಳ, ತಣ್ಣಗಾಗುತ್ತ ಬಂದ ಹಾಗೆ ನಿಂಬೆ, ಚಹಾದಂಥ ಹಗುರ. ಈ ಕಪ್ಪನ್ನು ಅವಸರದಲ್ಲಿ ಕುಡಿಯಬೇಡಿ. ಅರ್ಧ ತಣ್ಣಗಾದ ಮೇಲೆ ಅದು ಇನ್ನೂ ಚೆನ್ನಾಗಿರುತ್ತದೆ.

ಆದರೆ ಅಲ್ಲಿ ಸೋಯಾ ಲ್ಯಾಟೆ ಕೇಳಬೇಡಿ. ಬೀಜ ತೆಳು ಹುರಿತದ್ದು, ಎಸ್‌ಪ್ರೆಸೊ ಬಹಳ ಹುಳಿ. ಸೋಯಾ ಹಾಲು ಸುರಿದ ಕೆಲವೇ ಕ್ಷಣಗಳಲ್ಲಿ ಕಪ್ಪಿನ ಮೇಲೆ ಬಿಳಿ ಚೂರುಗಳು ತೇಲುತ್ತವೆ. ಹಾಲು ಹಳಸಿದೆ ಅಂತ ಕೆಲವರು ಕಪ್ಪನ್ನು ವಾಪಸ್ ಕೊಡುವುದನ್ನು ನೋಡಿದ್ದೇನೆ. ಹಾಲು ಕೆಟ್ಟಿರುವುದಿಲ್ಲ. ಕಾಫಿಯ ಪಿಎಚ್ (ಹುಳಿಯ ಅಳತೆ, ಕೆಳಗಿಳಿದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 5ರ ಹತ್ತಿರ ಇರುತ್ತದೆ, ತೆಳು ಹುರಿತದ್ದಾದರೆ ಇನ್ನೂ ಕೆಳಗೆ. ಸೋಯಾ ಪ್ರೋಟೀನ್ ಪಿಎಚ್ 4.5ರ ಆಸುಪಾಸಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟುತ್ತದೆ, ಬಿಸಿ ಜಾಸ್ತಿಯಾದಷ್ಟೂ ಇದು ಬೇಗ ಆಗುತ್ತದೆ. ಸೋಯಾ ಹಾಲಿಗೆ ಹುಳಿ ಹಾಕಿ ತೋಫು ಮಾಡುವುದೂ ಇದೇ ಗುಣದಿಂದ.

ಮನೆಯಲ್ಲಿ ಸೋಯಾ ಕಾಫಿ ಮಾಡುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಫ್ರಿಜ್ಜಿನ ತಣ್ಣನೆ ಹಾಲನ್ನು ನೇರ ಬಿಸಿ ಕಾಫಿಗೆ ಸುರಿಯಬೇಡಿ. ಹಾಲನ್ನು ಮೊದಲು ಬೆಚ್ಚಗೆ ಮಾಡಿ ಕಪ್ಪಿಗೆ ಹಾಕಿ, ಅದರ ಮೇಲೆ ಕಾಫಿಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಹುರಿತ ಸ್ವಲ್ಪ ಗಾಢವಾಗಿರುವ, ಹುಳಿ ಕಡಿಮೆ ಇರುವ ಬೀಜ ಆರಿಸಿ. ಬ್ರೆಜಿಲ್ ಅಥವಾ ಸುಮಾತ್ರದ್ದು ನಡೆಯುತ್ತದೆ. ಕೀನ್ಯಾದ ಬೀಜ ಬ್ಲ್ಯಾಕ್ ಆಗಿ ಅದ್ಭುತ, ಆದರೆ ಅದರ ಹುಳಿಗೆ ಸೋಯಾ ನಿಲ್ಲುವುದು ಕಷ್ಟ.

ಹುರಿಯುವ ಕೆಫೆಯವರಿಗೂ ಇದು ಗೊತ್ತು. "ಸೋಯಾ ನಮ್ಮ ಬೀಜಕ್ಕೆ ಹೊಂದಲ್ಲ, ಓಟ್ ಕೊಡ್ತೀವಿ, ಇಲ್ಲಾಂದ್ರೆ ಫಿಲ್ಟರ್ ಕುಡಿದು ನೋಡಿ" ಅಂತ ನೇರವಾಗಿ ಹೇಳುತ್ತಾರೆ. ಇಂಥ ಮಾತು ನನಗೆ ತುಂಬಾ ಇಷ್ಟ. ಮಾರಬೇಕು ಅಂತ ಮಾರುವುದಲ್ಲ, ಗ್ರಾಹಕರ ಕಪ್ಪಿನ ಬಗ್ಗೆ ಕಾಳಜಿ ಇರುವವರು ಆಡುವ ಮಾತು ಅದು. ಬೇಸಿಗೆಯಲ್ಲಿ ಅಲ್ಲಿನ ಕೋಲ್ಡ್ ಬ್ರೂ ಕೂಡ ಒಳ್ಳೆಯದು. ಪುಡಿಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿದ್ದು. ಹುಳಿ ಮೆತ್ತಗಿರುತ್ತದೆ, ಬಿಸಿಯೂ ಇಲ್ಲ, ಆದ್ದರಿಂದ ಇದರಲ್ಲಿ ಬಾದಾಮಿ ಹಾಲು ಕೂಡ ಒಡೆಯದೆ ಚೆನ್ನಾಗಿ ಬೆರೆಯುತ್ತದೆ.

ಶಾಪಿಂಗ್ ಕಟ್ಟಡದ ಕೆಫೆಯ ಬಗ್ಗೆ ಕಡಿಮೆ ಬರೆಯುತ್ತೇನೆ. ಬೋರ್ಡಿನ ಮೇಲೆ ಐದು ಸಸ್ಯ ಹಾಲುಗಳಿವೆ, ಆದರೆ ಒಂದನ್ನೂ ಅರಿತು ಬಳಸುತ್ತಿಲ್ಲ. ಯಾವ ಪ್ಯಾಕೆಟ್ ಯಾವಾಗ ತೆರೆದದ್ದು ಅಂತ ಬರೆದಿಲ್ಲ. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಹೆಚ್ಚೆಂದರೆ ಒಂದು ವಾರ, ಅಷ್ಟರೊಳಗೆ ಮುಗಿಸಬೇಕು. ಐದು ಬಗೆ ಇಟ್ಟರೆ ನಿಧಾನಕ್ಕೆ ಖರ್ಚಾಗುವುದು ಹಾಗೇ ಉಳಿಯುತ್ತದೆ. ಹಸುವಿನ ಹಾಲು ಕಾಯಿಸಿದ ಜಗ್ಗನ್ನೇ ನೀರಲ್ಲಿ ಒಮ್ಮೆ ಅಲ್ಲಾಡಿಸಿ ಓಟ್ ಹಾಲು ಸುರಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಅಲ್ಲಿ ಹಾಲಿನ ಕಾಫಿ ಕುಡಿಯುವುದನ್ನು ಬಿಟ್ಟಿದ್ದೇನೆ. ಕೂರಲು ಜಾಗ ವಿಶಾಲ, ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಬಹುದು, ಬ್ಲ್ಯಾಕ್ ಅಮೆರಿಕಾನೊ ಪರವಾಗಿಲ್ಲ. ಅಷ್ಟೇ.

ಜಗ್ಗಿನ ವಿಷಯ ಬಂದದ್ದರಿಂದ ಒಂದು ಗಂಭೀರ ಮಾತು. ನನಗೆ ಇದು ನಂಬಿಕೆಯ ಪ್ರಶ್ನೆ, ಪ್ರಾಣಿಗಳಿಂದ ಬಂದದ್ದು ಬೇಡ ಅನ್ನುವ ನಿಲುವು. ಆದರೆ ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಇದು ಆರೋಗ್ಯದ ಪ್ರಶ್ನೆ. ಮೆನುವಿನಲ್ಲಿ "ವೀಗನ್" ಅಂತ ಬರೆದಿದ್ದರೆ ಆ ತಿನಿಸಿಗೆ ಹಾಲು ಹಾಕಿಲ್ಲ ಅಂತ ಮಾತ್ರ ಅರ್ಥ, ಅದೇ ಯಂತ್ರದಲ್ಲಿ, ಅದೇ ಬಟ್ಟೆಯಲ್ಲಿ ಹಾಲಿನ ಅಂಶ ತಾಗಿಲ್ಲ ಅನ್ನುವ ಭರವಸೆ ಅಲ್ಲ. ಅಲರ್ಜಿ ಇದ್ದರೆ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಬ್ಲ್ಯಾಕ್ ಕಾಫಿ ಸಾಕು.

ಬೇಕರಿ ಜೊತೆಗಿರುವ ಕೆಫೆ ನನಗೆ ಅಚ್ಚರಿ ತಂದದ್ದು. ಹೊರಗಿನಿಂದ ನೋಡಿದರೆ ಬರೀ ಬೆಣ್ಣೆ, ಕೆನೆ, ಮೊಟ್ಟೆಯ ಲೋಕ. ಕ್ರೋಸಾಂಟ್ ಅಂತೂ ಬೆಣ್ಣೆಯ ಪದರಗಳಿಂದಲೇ ಆಗುವುದು, ಮೇಲೆ ಹೊಳಪಿಗೆ ಮೊಟ್ಟೆ ಸವರಿರುತ್ತಾರೆ. ಅದನ್ನು ನೋಡಿ ಹೊರಗಿನಿಂದಲೇ ತಿರುಗಿ ಹೋಗುವವರು ತುಂಬಾ ಕಳೆದುಕೊಳ್ಳುತ್ತಾರೆ. ಒಳಗೆ ಒಂದು ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಣ್ಣೆ, ಮೊಟ್ಟೆ ಇಲ್ಲದವು ಬೇರೆಯೇ ಇರುತ್ತವೆ, ಎತ್ತಿಕೊಡುವ ಇಕ್ಕಳವೂ ಬೇರೆ. ಮೊಟ್ಟೆಯ ಬಿಳಿಗೆ ಬದಲಾಗಿ ಕಾಬೂಲಿ ಕಡಲೆ ಬೇಯಿಸಿದ ನೀರನ್ನು ನೊರೆ ಬರುವ ಹಾಗೆ ಕಡೆದು ಮೆರಿಂಗ್ ಎಂಬ ಹಗುರವಾದ ಸಿಹಿ ತಿನಿಸು ಮಾಡುತ್ತಾರೆ. ಈ ನೀರಿಗೆ ಅಕ್ವಾಫಾಬಾ ಅನ್ನುತ್ತಾರೆ. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೊಸೆಲ್ ಬೇಳೆಕಾಳಿನ ನೀರು ನೊರೆ ಕಟ್ಟುತ್ತದೆ ಅಂತ ತೋರಿಸಿದರು, ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಬರೀ ಆ ನೀರು ಮತ್ತು ಸಕ್ಕರೆಯಿಂದಲೇ ಮೆರಿಂಗ್ ಆಗುತ್ತದೆ ಅಂತ ತೋರಿಸಿದರು. ಬಾಯಲ್ಲಿಟ್ಟರೆ ಕರಗುತ್ತದೆ, ಕಡಲೆಯ ವಾಸನೆ ಚೂರೂ ಇಲ್ಲ. ಕಹಿ ಜಾಸ್ತಿ ಇರುವ ಎಸ್‌ಪ್ರೆಸೊ ಜೊತೆ ಇದನ್ನು ತಿನ್ನಿ.

ಅಲ್ಲಿನ ಕಾಫಿಯೂ ಚೆನ್ನಾಗಿದೆ, ಅದೂ ಸೋಯಾದಲ್ಲಿ. ಹುರಿತ ಗಾಢ, ಹುಳಿ ಕಡಿಮೆ, ಆದ್ದರಿಂದ ಸೋಯಾ ಒಡೆಯುವುದಿಲ್ಲ. ನೊರೆಗೆ ಬೇಕಾದದ್ದು ಪ್ರೋಟೀನ್. ಹಸುವಿನ ಹಾಲಿನಲ್ಲಿ 100 ಮಿಲಿಗೆ ಸುಮಾರು 3.3 ಗ್ರಾಂ ಪ್ರೋಟೀನ್ ಇದ್ದರೆ ಸೋಯಾದಲ್ಲೂ ಹೆಚ್ಚುಕಡಿಮೆ 3 ಗ್ರಾಂ ಇರುತ್ತದೆ. ಓಟ್‌ನಲ್ಲಿ ಸುಮಾರು 1 ಗ್ರಾಂ, ಬಾದಾಮಿಯಲ್ಲಿ ಹಲವು ಸಲ ಅದಕ್ಕಿಂತಲೂ ಕಡಿಮೆ. ದಪ್ಪ ನೊರೆಯ ಕ್ಯಾಪುಚಿನೊ ಇಷ್ಟಪಡುವವರು ಸೋಯಾವನ್ನು ಹಳೆಯದು ಅಂತ ತಳ್ಳಿಹಾಕಬಾರದು. ಇತ್ತೀಚೆಗೆ ಎಲ್ಲ ಕಡೆ ಓಟ್ ಓಟ್ ಅಂತ ಆಗಿ ಸೋಯಾವನ್ನು ಮೆನುವಿನಿಂದಲೇ ತೆಗೆಯುತ್ತಿದ್ದಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಗಾಢ ಹುರಿತದ ಬೀಜ ಇರುವ ಕೆಫೆಗೆ ಸೋಯಾಗಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ಬೇರೆ ಹಾಲುಗಳ ಬಗ್ಗೆಯೂ ಬೇಗ ಹೇಳುತ್ತೇನೆ. ಬಾದಾಮಿ ಹಾಲು ಬಿಸಿ ಕಾಫಿಯಲ್ಲಿ ನೀರಾಗುತ್ತದೆ, ಸುಲಭಕ್ಕೆ ಒಡೆಯುತ್ತದೆ, ಐಸ್ ಕಾಫಿಗೆ ಇಟ್ಟುಕೊಳ್ಳಿ. ತೆಂಗಿನ ಹಾಲು ಹಾಕಿದರೆ ಕಾಫಿಯ ರುಚಿ ಹಿಂದೆ ಸರಿದು ತೆಂಗೇ ಮುಂದೆ ನಿಲ್ಲುತ್ತದೆ, ಅದೇ ಬೇಕು ಅನ್ನುವವರಿಗೆ ಸರಿ. ಬಟಾಣಿ ಪ್ರೋಟೀನಿನ ಹಾಲು ನೊರೆಯಲ್ಲಿ ಬಹಳ ಗಟ್ಟಿ, ಕೊನೆಯಲ್ಲಿ ಕಾಳಿನ ವಾಸನೆ ಸ್ವಲ್ಪ ಉಳಿಯುತ್ತದೆ. ಮಕಾಡಮಿಯಾ ಹಾಲು ಸಿಕ್ಕರೆ ಬಿಡಬೇಡಿ, ಬೆಣ್ಣೆಯಂಥ ಮೃದುತನ ಅದಕ್ಕಿದೆ. ಅಕ್ಕಿ ಹಾಲಿನಲ್ಲಿ ಸಿಹಿ ಬಿಟ್ಟರೆ ಕಾಫಿಗೆ ಬೇಕಾದದ್ದು ಏನೂ ಇಲ್ಲ.

ವೀಗನ್ ಆದವರು ಕೆಫೆಯಲ್ಲಿ ನಿಜವಾಗಿ ಎಚ್ಚರವಾಗಿರಬೇಕಾದದ್ದು ಹಾಲಿನ ಬಗ್ಗೆ ಅಲ್ಲ, ಸಿರಪ್ ಮತ್ತು ಸಾಸ್‌ಗಳ ಬಗ್ಗೆ. ತೆಳ್ಳಗಿನ ವೆನಿಲಾ, ಹೇಝಲ್‌ನಟ್ ಸಿರಪ್‌ಗಳು ಸಾಮಾನ್ಯವಾಗಿ ಸಕ್ಕರೆ, ನೀರು, ಪರಿಮಳ ಅಷ್ಟೇ. ಮಂದವಾದ ಸಾಸ್‌ಗಳು ಹಾಗಲ್ಲ. ಕ್ಯಾರಮೆಲ್ ಸಾಸ್‌ನಲ್ಲಿ ಹಾಲು ಅಥವಾ ಬೆಣ್ಣೆ, ವೈಟ್ ಚಾಕೊಲೇಟ್ ಸಾಸ್‌ನಲ್ಲಿ ಹಾಲಿನ ಪುಡಿ ಇರುವುದು ಮಾಮೂಲು. ಓಟ್ ಹಾಲು ಹಾಕಿಸಿಕೊಂಡು ಅದರ ಮೇಲೆ ಕ್ಯಾರಮೆಲ್ ಸುರಿಸಿಕೊಂಡರೆ ಕಪ್ಪಿಗೆ ಹಾಲು ಬಂದೇ ಬಂತು. ಚಾಯ್ ಲ್ಯಾಟೆಗೆ ಬಳಸುವ ತಯಾರು ಮಿಶ್ರಣಗಳಲ್ಲಿ ಕೆಲವಕ್ಕೆ ಜೇನು ಸೇರಿರುತ್ತದೆ. ಹಾಟ್ ಚಾಕೊಲೇಟ್ ಪುಡಿಯಲ್ಲಿ ಹಾಲಿನ ಪುಡಿ, ಮೇಲೆ ತೇಲಿಬಿಡುವ ಮಾರ್ಷ್‌ಮೆಲೋದಲ್ಲಿ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. "ನಾನ್ ಡೈರಿ ಕ್ರೀಮರ್" ಅಂತ ಬರೆದಿರುವ ಪುಡಿಯಲ್ಲೂ ಸೋಡಿಯಂ ಕೆಸಿನೇಟ್ ಇರಬಹುದು, ಅದು ಹಾಲಿನದ್ದೇ ಪ್ರೋಟೀನ್. ಕೆಂಪು ಬಣ್ಣದ ಸಿರಪ್‌ಗಳಲ್ಲಿ ಕೊಚಿನೀಲ್ ಎಂಬ ಕೀಟದಿಂದ ತೆಗೆದ ಬಣ್ಣ ಇರುವುದುಂಟು. ಸ್ಟಾರ್‌ಬಕ್ಸ್ 2012ರಲ್ಲಿ ತನ್ನ ಸ್ಟ್ರಾಬೆರಿ ಪಾನೀಯಗಳಲ್ಲಿದ್ದ ಈ ಬಣ್ಣವನ್ನು ಬಿಟ್ಟು ಟೊಮೆಟೊದಿಂದ ಬರುವ ಲೈಕೋಪೀನ್‌ಗೆ ಬದಲಾಯಿಸಿತು. ಜನ ದನಿ ಎತ್ತಿದ್ದರಿಂದ ಆದ ಬದಲಾವಣೆ ಅದು, ಆದ್ದರಿಂದ ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೂ ಸೂಕ್ಷ್ಮವಾದದ್ದು ಸಸ್ಯ ಹಾಲಿನ ಪ್ಯಾಕೆಟ್ಟಿನೊಳಗೇ ಇದೆ. ಸೇರಿಸುವ ವಿಟಮಿನ್ ಡಿ3 ಹಲವು ಸಲ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಡಿ2 ಆದರೆ ಆ ಚಿಂತೆ ಇಲ್ಲ, ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಇದೆ. ಬ್ರಿಟನ್ನಿನ ವೀಗನ್ ಸೊಸೈಟಿ ಎಂಬ ಸಂಸ್ಥೆಯ ಹೂವಿನ ಗುರುತು ಪ್ಯಾಕೆಟ್ ಮೇಲಿದ್ದರೆ ನಾನು ಮತ್ತೆ ತಿರುಗಿಸಿ ಓದುವುದಿಲ್ಲ. 1990ರಿಂದ ಚಾಲ್ತಿಯಲ್ಲಿರುವ ಗುರುತು ಅದು.

ಈಗ ಜಾಸ್ತಿ ದುಡ್ಡಿನ ವಿಷಯ. ಸಸ್ಯ ಹಾಲು ಬೇಕೆಂದರೆ ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರುವುದು ನಮ್ಮ ಬಡಾವಣೆಯಲ್ಲೂ ಇದೆ. ಚಿಕ್ಕ ಕೆಫೆಯವರು ಬರಿಸ್ಟಾ ಓಟ್ ಹಾಲನ್ನು ಹಸುವಿನ ಹಾಲಿಗಿಂತ ಜಾಸ್ತಿ ಬೆಲೆಗೆ ಕೊಳ್ಳುತ್ತಾರೆ, ಅದು ನನಗೆ ಅರ್ಥವಾಗುತ್ತದೆ, ಅವರಿಗೆ ಆ ವ್ಯತ್ಯಾಸವನ್ನು ಕೊಡಲು ನನಗೆ ಬೇಸರ ಇಲ್ಲ. ಆದರೆ ಬೋರ್ಡಿನ ಮೇಲೆ ಮೊದಲೇ ಬರೆದಿರಬೇಕು, ಬಿಲ್ ಬಂದ ಮೇಲೆ ಗೊತ್ತಾಗಬಾರದು. ದೊಡ್ಡ ಸರಪಳಿಗಳಿಗೆ ಮಾತ್ರ ಈ ನೆಪ ಒಪ್ಪುವುದಿಲ್ಲ. 1997ರಲ್ಲೇ ಸೋಯಾ ಹಾಲು ಕೊಡಲು ಶುರು ಮಾಡಿದ್ದ ಸ್ಟಾರ್‌ಬಕ್ಸ್ ಕೂಡ ಅಮೆರಿಕದಲ್ಲಿ ಈ ಹೆಚ್ಚುವರಿ ದರವನ್ನು ಕೈಬಿಟ್ಟದ್ದು 2024ರ ನವೆಂಬರ್‌ನಲ್ಲಿ. ತಡವಾದರೂ ಒಳ್ಳೆಯ ಹೆಜ್ಜೆ. ನಿಲ್ದಾಣದ ಪಕ್ಕದ ಪುಟ್ಟ ಕೆಫೆ ಎಲ್ಲ ಹಾಲಿಗೂ ಒಂದೇ ದರ ಇಟ್ಟಿದೆ. ಅಲ್ಲಿ ಓಟ್ ಕೇಳುವವರೇ ಈಗ ಜಾಸ್ತಿ ಅಂತೆ, ಪ್ಯಾಕೆಟ್ ಉಳಿದು ಕೆಡುವುದೇ ಇಲ್ಲ.

ಹಸುವಿನ ಹಾಲೇ "ಮಾಮೂಲಿ", ಉಳಿದದ್ದು "ಸ್ಪೆಷಲ್" ಅನ್ನುವ ಲೆಕ್ಕ ಬದಲಾಗಬೇಕು ಅನ್ನುವುದಕ್ಕೆ ರುಚಿಯಲ್ಲದೆ ಬೇರೆ ಕಾರಣವೂ ಇದೆ. 2018ರಲ್ಲಿ ಪೂರ್ ಮತ್ತು ನೆಮೆಸೆಕ್ ಎಂಬ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಲೀಟರ್ ಹಸುವಿನ ಹಾಲಿನ ಹಿಂದೆ ಸರಾಸರಿ 3.2 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಇದೆ. ಓಟ್‌ಗೆ 0.9, ಸೋಯಾಗೆ 1, ಬಾದಾಮಿಗೆ 0.7. ನೀರಿನ ಲೆಕ್ಕದಲ್ಲಿ ಹಸುವಿನ ಹಾಲಿಗೆ 628 ಲೀಟರ್, ಬಾದಾಮಿಗೆ 371, ಓಟ್‌ಗೆ 48, ಸೋಯಾಗೆ 28. ಬಾದಾಮಿ ಹಾಲನ್ನು ನಾನು ಹೆಚ್ಚು ಕೇಳದಿರಲು ನೀರಿನ ಈ ಅಂಕಿಯೂ ಕಾರಣ.

ಹೊಸ ಕೆಫೆಗೆ ಕಾಲಿಟ್ಟಾಗ "ವೀಗನ್ ಏನಿದೆ?" ಅಂತ ಕೇಳುವ ಬದಲು "ನಿಮ್ಮ ಎಸ್‌ಪ್ರೆಸೊಗೆ ಯಾವ ಸಸ್ಯ ಹಾಲು ಚೆನ್ನಾಗಿ ಹೊಂದುತ್ತದೆ?" ಅಂತ ಕೇಳಿ ನೋಡಿ. ಮೊದಲ ಪ್ರಶ್ನೆಗೆ ಪಟ್ಟಿ ಒಪ್ಪಿಸುತ್ತಾರೆ. ಎರಡನೆಯದಕ್ಕೆ, ಗೊತ್ತಿರುವವರು ಮುಖ ಅರಳಿಸಿಕೊಂಡು ಬೀಜದ ಕಥೆಯನ್ನೇ ಹೇಳಲು ಶುರು ಮಾಡುತ್ತಾರೆ. ಗೊತ್ತಿಲ್ಲದವರು "ಎಲ್ಲಾ ಒಂದೇ ಸರ್" ಅನ್ನುತ್ತಾರೆ. ಆಗ ನೀವು ಬ್ಲ್ಯಾಕ್ ಕಾಫಿ ತೆಗೆದುಕೊಳ್ಳಿ. ಕೆಲಸದ ಒತ್ತಡ ಇರುವ ಬೆಳಗಿನ ಹೊತ್ತು ಈ ಪ್ರಶ್ನೆ ಬೇಡ, ಮಧ್ಯಾಹ್ನ ಊಟದ ನಂತರ ಹೋಗಿ, ಅವರಿಗೂ ಮಾತಾಡಲು ಬಿಡುವಿರುತ್ತದೆ. ಬಡಾವಣೆಯ ಕೆಫೆಗಳ ದೊಡ್ಡ ಅನುಕೂಲ ಇದೇ. ದಿನಾ ಅದೇ ಮುಖಗಳು, ಒಮ್ಮೆ ಹೇಳಿದ್ದು ನೆನಪಿರುತ್ತದೆ, ಮುಂದಿನ ಸಲ ಹೋದಾಗ ಕೇಳುವ ಮೊದಲೇ ಹಸಿರು ಟೇಪಿನ ಜಗ್ ಕೈಗೆ ಬಂದಿರುತ್ತದೆ.

ಹೋಗುವವರಿಗೆ ಕೆಲವು ಮಾತು. ಕಾಫಿಯನ್ನು ಕೂತು ಕುಡಿಯಬೇಕು ಅಂದರೆ ನಿಲ್ದಾಣದ ಕೆಫೆಗೆ ರೈಲುಗಳ ಗಲಾಟೆ ಮುಗಿದ ಮೇಲೆ ಹೋಗಿ, ಫ್ಲಾಟ್ ವೈಟ್ ಕೇಳಿ, ದೊಡ್ಡ ಲ್ಯಾಟೆ ಬೇಡ. ಹಾಲು ಜಾಸ್ತಿಯಾದಷ್ಟೂ ಓಟ್‌ನ ಸಿಹಿ ಕಾಫಿಯನ್ನು ಮೀರುತ್ತದೆ. ಹುರಿಯುವ ಕೆಫೆಯಲ್ಲಿ ಅವತ್ತು ಯಾವ ಬೀಜ ಸೋಸುತ್ತಿದ್ದಾರೆ ಅಂತ ಕೇಳಿ ಅದನ್ನೇ ತೆಗೆದುಕೊಳ್ಳಿ, ಚೀಲ ಕೊಂಡರೆ ನಿಮ್ಮ ಮನೆಯ ಸಾಧನಕ್ಕೆ ತಕ್ಕ ಹಾಗೆ ಪುಡಿ ಮಾಡಿಕೊಡುತ್ತಾರೆ. ಬೇಕರಿಯ ಮೆರಿಂಗ್ ವಾರಾಂತ್ಯದಲ್ಲಿ ಮಧ್ಯಾಹ್ನದ ಹೊತ್ತಿಗೆಲ್ಲ ಖಾಲಿ, ಬೆಳಿಗ್ಗೆಯೇ ಹೋಗಿ. ಅಲ್ಲಿನ ಕ್ಯಾರಮೆಲ್ ಸಾಸ್‌ನಲ್ಲಿ ಹಾಲಿದೆ, ವೆನಿಲಾ ಸಿರಪ್‌ನಲ್ಲಿ ಇಲ್ಲ. ಇದನ್ನು ಮೆನುವಿನಲ್ಲೇ ಬರೆಯಿರಿ ಅಂತ ಕೇಳಿಕೊಂಡಿದ್ದೇನೆ, ಹೊಸ ಬೋರ್ಡ್ ಬರೆಸುವಾಗ ಸೇರಿಸುತ್ತೇವೆ ಅಂದಿದ್ದಾರೆ. ನೀವೂ ಹೋದಾಗ ಒಂದು ಮಾತು ಕೇಳಿ, ಕೇಳುವವರು ಹೆಚ್ಚಾದರೆ ಬೋರ್ಡ್ ಬೇಗ ಬರುತ್ತದೆ.